ಒಂದೇ ಹಂಡೇದ ನೂಲು

ಬೆಟಗೇರಿಯ ಹಲ್ಲಿನ ದವಾಖಾನಿಯೊಳಗ
ನಾಲ್ಕು ಅಡಿ ಸಮುದ್ರಕ್ಕ ನಾನ ಜವಾಬ್ದಾರಿ.
ಊರಿಗೆ ನಳ ಬರೂದು ಹತ್ತು ದಿನಕ್ಕೊಮ್ಮೆ.
ಮೀನಿಗೆ ಮಾತ್ರ ಸೋಸಿದ ನೀರು,
ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸಲ್ಲಿನಾಗ ಬರೂ ಉಪ್ಪು,
ತೂಗಿ, ಕಲಸಿ, ಅಳತಿ ಕೊಳವಿ ಅದ್ದಿ
ಹನಿ ಹನಿ ಲೆಕ್ಕ.
ಚೀಟಿ ಬರಿಯೂದು, ಹೆಸರು ಕೂಗೂದು ಆಮ್ಯಾಲಿನ ಕೆಲಸ.

ಜೋಕರ್ ಮೀನು ಎರಡು.
ಒಂದೇ ದಿನ, ಒಂದೇ ಚೀಲದಾಗ ಬಂದಾವ,
ಒಂದೇ ತಾಯಿ ತತ್ತಿ ಅಂತ ಅಂಗಡಿಯವ ಆಣಿ ಮಾಡಿದ್ದ.
ಬಂದಾಗ ಎರಡೂ ಗಜ್ಜರಿ ಬಣ್ಣ.
ವರ್ಷ ತುಂಬೂದ್ರಾಗ ಒಂದರ ಬೆನ್ನು
ತಳ ಹಿಡಿದ ಬೆಲ್ಲದ ಪಾಕದಂಗ ಕರ್ರಗಾತು.
ಇನ್ನೊಂದು ಇದ್ದಂಗ ಇತ್ತು.
ಸಿಗಡಿ ಹಾಕಿದೆ. ನೀರು ಬದಲಿಸಿದೆ.
ಡಾಕ್ಟರು ಬಂದು, ಕನ್ನಡಕ ಹಣಿಗೆ ಏರಿಸಿ,
"ಯಾವುದಕ್ಕ ರೋಗ?" ಅಂದ್ರು.
ನನಗೂ ಅದ ಸಂಶೆ.
ಕಪ್ಪಾದದ್ದಕ್ಕೋ, ಆಗದಿದ್ದದ್ದಕ್ಕೋ.

ದಾವಲಸಾಬ ರಂಗರೇಜ ಬಂದದ್ದು ಮುಂದಿನ ಹಲ್ಲು ಕಟ್ಟಿಸಾಕ.
ಮಗ್ಗದವರ ನೂಲಿಗೆ ಬಣ್ಣ ಹಾಕೂ ಕೈ,
ಉಗುರಿನ ಸಂದಿಯೊಳಗ ಐವತ್ತು ವರ್ಷದ ನೀಲಿ.
ಬಾಕಿನ ಮ್ಯಾಲ ಕೂಡಲಿಲ್ಲ. ಗಾಜಿಗೆ ಮೂಗು ಹಚ್ಚಿ
"ಎರಡೂ ಒಂದೇ ಹಂಡೇವೇನವ್ವಾ?" ಅಂದ.
ಹೌದಂದೆ.
"ಮದಲ ಇಳಿದ ಲಡಿ ಹೆಚ್ಚು ಕುಡೀತೈತಿ,
ಹಿಂದಿಂದು ಉಳಿದದ್ದು ಕುಡೀತೈತಿ.
ನೀರು ಅದ, ಬೆಂಕಿ ಅದ, ನನ್ನ ಕೈನೂ ಅದ.
ಗೊತ್ತಾಗೂದು ಮಗ್ಗಕ್ಕ ಏರಿದ ಮ್ಯಾಲ,
ಸೆರಗಿನಾಗ ಒಂದು ಗೆರಿ ಬೀಳತೈತಿ."

ನಾ ಓದಿದ್ದು ಹೇಳಿದೆ:
ಕಪ್ಪಾದದ್ದು ಹೆಣ್ಣು. ಮದಲ ಎರಡೂ ಗಂಡಿದ್ದುವು,
ದೊಡ್ಡದಾದದ್ದು ಹೆಣ್ಣಾಗತೈತಿ,
ತೊಟ್ಟಿ ಅದರ ಮಾತಿನಾಗ ನಡೀತೈತಿ.
ಆತ ಹಲ್ಲಿಲ್ಲದ ಕಿಂಡಿಯೊಳಗಿಂದ ನಕ್ಕ:
"ಹಂಗಾರ ಕರೆ ಮೈಯಾಕಿನ ಯಜಮಾನ್ತಿ."
ನನ್ನ ತಂಗಿ ಬೆಳ್ಳಗ ಅದಾಳ.
ಅದನ್ನ ಹೇಳಲಿಲ್ಲ. ಚೀಟಿ ಬರದೆ.

ಒಳಗ ಡಾಕ್ಟರು ಹಲ್ಲಿನ ಬಣ್ಣದ ಪಟ್ಟಿ ತಗದ್ರು,
ಹದಿನಾರು ಥರದ ಬಿಳಿ, ಕೀಲಿ ಗೊಂಚಲದಂಗ.
ದೊಡ್ಡ ದೀಪ ಎಳದು ಒಂದೊಂದ ತುಟಿಗೆ ಹಿಡಿದ್ರು.
ದಾವಲಸಾಬ ಕುರ್ಚಿ ಇಳಿದ,
ಪಟ್ಟಿ ಇಸಗೊಂಡ, ಕೈಗನ್ನಡಿ ಇಸಗೊಂಡ,
ಹೊರಗ ಮೆಟ್ಟಲ ಮ್ಯಾಲ ನಿಂತ.
"ದೀಪ ಸುಳ್ಳು ಹೇಳತಾವ್ರಿ ಸಾಹೇಬ್ರ.
ಬಣ್ಣ ನೋಡೂದು ನೆರಳಿನಾಗ, ಹನ್ನೊಂದರ ಹೊತ್ತಿಗೆ."
ಹದಿನಾರೂ ನೋಡಿ ಎಲ್ಲಾಕಿಂತ ಹೊಲಸು ಬಿಳಿ ಆರಿಸಿದ,
ಇದಕ್ಕೂ ಒಂದೆಳಿ ಎಲಿ-ಅಡಕಿ ಬೇಕಿತ್ತು ಅಂದ.
"ಎಲ್ಲಾ ಒಂದ ಇದ್ರ ಕಟ್ಟಿಸಿದ್ದು ಅಂತ ತಿಳೀತೈತಿ.
ನನ್ನ ಬಾಯಾಗ ಯಾವೆರಡು ಜೋಡಿ ಅದಾವ, ಹೇಳ್ರಿ."

ಆವತ್ತು ಸಂಜಿ ಪೇಶಂಟ್ ಹೆಚ್ಚಾಗಿ ಎಂಟಾತು.
ಕರೆಂಟ್ ಹೋತು. ಇನ್ವರ್ಟರ್ ಇದ್ದದ್ದು ಗಾಳಿ ಪಂಪಿಗಷ್ಟ.
ಮೊಬೈಲ್ ಬೆಳಕು ಬಿಟ್ಟು ನೋಡಿದೆ.
ಮೂಲ್ಯಾಗ ನಮ್ಮ ಹಳದಿ ಮೀನು
ಹಳದಿ ಇದ್ದಿಲ್ಲ.
ಮೈ ಬಿಳಚಿ, ನಡು ಒಂದು ಮಬ್ಬು ಗೆರಿ, ಕಣ್ಣು ತೆರೆದ ನಿದ್ದಿ.
ದಿನಾ ರಾತ್ರಿ ಬಣ್ಣ ಕಳಚಿಟ್ಟು ಮಲಗತಿತ್ತೇನೋ,
ಮುಂಜಾನೆ ನಾ ಬರೂದ್ರೊಳಗ ಉಟಗೊಂಡು ನಿಲ್ಲತಿತ್ತೇನೋ,
ಎರಡು ವರ್ಷ ಗೊತ್ತ ಇದ್ದಿಲ್ಲ ನನಗ.
ಆರಕ್ಕ ಮನಿಗೆ ಹೋಗಾಕಿ ನಾನು.

ಜೋಕರ್ ಎರಡೂ ಕುಡಿಕಿಯೊಳಗ.
ಆ ಬೆಳಕಿಗೆ ಕರೇದು ಯಾವುದು, ಕೆಂಪು ಯಾವುದು ತಿಳೀಲಿಲ್ಲ.
ಒಂದು ಬಂದು ಇನ್ನೊಂದರ ಮುಂದ ಮೈ ನಡುಗಿಸಿತು.
ಆಗ ತಿಳೀತು.

ಟ್ರೇದಾಗಿನ ಪಟ್ಟಿ ತಂದು ಹಳದಿ ಮೀನಿನ ಎದುರು ಗಾಜಿಗೆ ಹಿಡಿದೆ.
ಹದಿನಾರರಾಗ ಯಾವ ಬಿಳಿಯೂ ಹೊಂದಲಿಲ್ಲ.
ಕರೆಂಟ್ ಬಂತು.
ಬಣ್ಣ ಬರಾಕ ಇನ್ನೂ ಹೊತ್ತಿತ್ತು.